ಟ್ರ್ಯಾಕ್‌ನಲ್ಲಿ ಬ್ರೇಕ್ ಪೆಡಲ್ ಕೆಳಗೆ ಹೋದರೆ: ಹಳೆಯ ಪೋಲೋ ಜಿಟಿಯಲ್ಲಿ ದೋಷ ಹುಡುಕಿದ ಬಗೆ

ಐದನೇ ಲ್ಯಾಪ್. ನೇರ ದಾರಿ ಮುಗಿದು ತಿರುವು ಬರುವ ಹೊತ್ತಿಗೆ ಬ್ರೇಕ್ ಒತ್ತಿದೆ. ಪೆಡಲ್ ಅರ್ಧಕ್ಕೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಕಲಸಿಟ್ಟ ಚಪಾತಿ ಹಿಟ್ಟನ್ನು ತುಳಿದ ಹಾಗೆ ಮೆತ್ತಗೆ ಕೆಳಗಿಳಿಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಅಷ್ಟೋ ಇಷ್ಟೋ ಹಿಡಿಯಿತು. ತಿರುವಿನ ಹೊರಗಡೆ ಜಾಗ ಇದ್ದದ್ದರಿಂದ ಬಚಾವಾದೆ.

ಕಾರು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್ಐ. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಬ್ರೇಕ್ ಮುಂದೆ ಡಿಸ್ಕ್, ಹಿಂದೆ ಡ್ರಮ್. ರೇಸ್ ಟ್ರ್ಯಾಕ್ ಇರುಂಗಾಟ್ಟುಕೋಟೈಯದು. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬದೂರು ದಾಟಿದ ಮೇಲೆ ಸಿಗುತ್ತದೆ. 1990ರಲ್ಲಿ ಶುರುವಾದದ್ದು, ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರ್. ಕಾರನ್ನು ಟ್ರ್ಯಾಕ್‌ಗೆ ಅಂತ ಆಗಲೇ ಅರ್ಧ ಸಿದ್ಧ ಮಾಡಿದ್ದೆ. ಹಿಂದಿನ ಸೀಟು, ಸ್ಟೆಪ್ನಿ ತೆಗೆದಿದ್ದೆ. ಒಳ್ಳೆ ಗ್ರಿಪ್ ಇರುವ ಟೈರ್ ಹಾಕಿದ್ದೆ. ಬ್ರೇಕ್ ಮಾತ್ರ ಮನೆಯಿಂದ ಆಫೀಸಿಗೆ ಹೋಗಿ ಬರುತ್ತಿದ್ದ ಕಾಲದ್ದೇ. ಕೆಲಸದ ಕ್ರಮವೇ ತಲೆಕೆಳಗಾಗಿತ್ತು. ಟೈರ್ ಗ್ರಿಪ್ ಜಾಸ್ತಿಯಾದರೆ ಬ್ರೇಕ್ ಇನ್ನೂ ಜೋರಾಗಿ ಒತ್ತಬಹುದು, ಆ ಬಿಸಿಯನ್ನೆಲ್ಲ ನುಂಗಬೇಕಾದ್ದು ಅದೇ ಹಳೇ ಬ್ರೇಕು. ಇದರಲ್ಲಿ ಕಾರಿನ ತಪ್ಪೇನೂ ಇಲ್ಲ, ಅದನ್ನು ಮಾಡಿದ್ದು ರಸ್ತೆಗೆ.

ದೋಷ ಸಿಗುವುದಕ್ಕೆ ನನಗೆ ಮೂರು ಟ್ರ್ಯಾಕ್ ದಿನ ಹಿಡಿಯಿತು. ಸರಿಯಾದ ಪ್ರಶ್ನೆಯಿಂದ ಶುರು ಮಾಡಿದ್ದರೆ ಒಂದೇ ದಿನ ಸಾಕಿತ್ತು. ಆ ಪ್ರಶ್ನೆ ಕೇಳಿದವರು ನಮ್ಮ ಕಡೆಯ ಒಂದು ಚಿಕ್ಕ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. ನಾನು "ಬ್ರೇಕ್ ಹಿಡೀಲಿಲ್ಲ ಅಣ್ಣ" ಅಂದೆ. ಅವರು ಬಾನೆಟ್ ಎತ್ತಲಿಲ್ಲ, ಚಕ್ರವನ್ನೂ ನೋಡಲಿಲ್ಲ. "ಪೆಡಲ್ ಗಟ್ಟಿ ಇತ್ತಾ, ಮೆತ್ತಗಿತ್ತಾ ಸರ್?" ಅಂತ ಕೇಳಿದರು.

ಮೊದಲು ಪೆಡಲ್‌ನ ಮಾತು ಕೇಳಿ

"ಬ್ರೇಕ್ ಹಿಡೀತಿಲ್ಲ" ಅನ್ನುವುದು ಒಂದು ದೂರು ಅಷ್ಟೇ. ಅದರ ಹಿಂದೆ ಐದಾರು ಬೇರೆ ಬೇರೆ ಕಾಯಿಲೆ ಇರಬಹುದು. ಬೇರೆ ಮಾಡಿ ಹೇಳುವುದು ನಿಮ್ಮ ಬಲಗಾಲು. ಹಾಗಾಗಿ ಪಿಟ್‌ಗೆ (ಟ್ರ್ಯಾಕ್ ಪಕ್ಕದ ನಿಲುಗಡೆಗೆ) ಬಂದ ಕೂಡಲೇ, ಟೀ ಕುಡಿಯುವ ಮುಂಚೆ, ಕಾಲಿಗೆ ಅನಿಸಿದ್ದನ್ನು ಬರೆದಿಡಿ. ಎಷ್ಟನೇ ಲ್ಯಾಪು, ಯಾವ ತಿರುವು, ಪೆಡಲ್ ಎಷ್ಟು ಕೆಳಗೆ ಹೋಯಿತು, ಪಂಪ್ ಮಾಡಿದಾಗ ಮೇಲೆ ಬಂತಾ, ವಾಸನೆ ಇತ್ತಾ. ಅರ್ಧ ಗಂಟೆ ಕಳೆದರೆ ಕಾರು ತಣ್ಣಗಾಗುತ್ತದೆ, ನೆನಪೂ ಮಸುಕಾಗುತ್ತದೆ.

ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದೆ, ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ ಅಂದರೆ ಸೋತಿರುವುದು ಪ್ಯಾಡ್, ಅಂದರೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ನಿಲ್ಲಿಸುವ ತುಂಡು. ಬ್ರೇಕ್ ಆಯಿಲ್ ತನ್ನ ಕೆಲಸ ಮಾಡಿ ಒತ್ತಡ ತಲುಪಿಸಿದೆ, ಪ್ಯಾಡ್ ಮಾತ್ರ ಡಿಸ್ಕನ್ನು ಕಚ್ಚುತ್ತಿಲ್ಲ. ರಸ್ತೆ ಪ್ಯಾಡ್‌ಗಳಲ್ಲಿ ಅಂಟಿಗೆ ಅಂತ ರಾಳ ಇರುತ್ತದೆ. ಅದು ಮಿತಿ ಮೀರಿ ಕಾದಾಗ ಅನಿಲ ಬಿಡುತ್ತದೆ, ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಪ್ಯಾಡ್ ಬಿಚ್ಚಿ ನೋಡಿದರೆ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ. ಆದರೆ ಹೊಸ ಪ್ಯಾಡ್ ಹಾಕಿ ಪಳಗಿಸದೇ, ಅಂದರೆ ಮೊದಲು ಹದವಾಗಿ ಕಾಯಿಸಿ ತಣಿಸಿ ಡಿಸ್ಕ್‌ಗೆ ಹೊಂದಿಸದೇ, ಟ್ರ್ಯಾಕ್‌ಗೆ ಇಳಿಸಿದರೂ ಇದೇ ಲಕ್ಷಣ ಕಾಣುತ್ತದೆ. ಅದಕ್ಕೆ ಪ್ಯಾಡನ್ನು ಬೈಯುವ ಮುಂಚೆ ಅದನ್ನು ಪಳಗಿಸಿದ್ದೀರಾ ಅಂತ ನೆನಪು ಮಾಡಿಕೊಳ್ಳಿ.

ಟರ್ಬೊ ಕಾರಿನಲ್ಲಿ ಪೆಡಲ್ ಗಟ್ಟಿಯಾಗಲು ಇನ್ನೊಂದು ಕಾರಣ ಕಾಲಿನ ಒತ್ತಕ್ಕೆ ಬಲ ಕೂಡಿಸುವ ಬೂಸ್ಟರ್‌ಗೆ ವ್ಯಾಕ್ಯೂಮ್ (ಗಾಳಿಯ ಎಳೆತ) ಸಿಗದೇ ಇರುವುದು. ಇದರ ಪರೀಕ್ಷೆ ನಿಮಿಷದ ಕೆಲಸ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆ. ಕಾಲು ಹಾಗೇ ಒತ್ತಿಟ್ಟುಕೊಂಡು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿ ಇದೆ. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪು, ಅದರ ಚೆಕ್ ವಾಲ್ವ್ ನೋಡಿ.

ನನ್ನ ಪೆಡಲ್ ಗಟ್ಟಿ ಇರಲಿಲ್ಲ. ಮೆತ್ತಗಿತ್ತು, ಆಮೇಲೆ ಪಂಪ್ ಮಾಡಿದಾಗ ಬಂತು. ಆದರೆ ಅಣ್ಣ ಆ ಪ್ರಶ್ನೆ ಕೇಳುವ ಮೊದಲೇ ನಾನು ದುಬಾರಿ ಟ್ರ್ಯಾಕ್ ಪ್ಯಾಡ್ ತರಿಸಿ ಹಾಕಿಸಿಬಿಟ್ಟಿದ್ದೆ. ಎರಡನೇ ಸಲ ಹೋದಾಗ ಪೆಡಲ್ ಐದನೇ ಲ್ಯಾಪಿನ ಬದಲು ಮೂರನೇ ಲ್ಯಾಪಿಗೇ ಕೆಳಗೆ ಹೋಯಿತು.

ಒಳ್ಳೆ ಪ್ಯಾಡ್ ಹಾಕಿದ ಮೇಲೆ ಇನ್ನೂ ಬೇಗ ಕೆಟ್ಟದ್ದು ಏಕೆ

ಒಂದು ಲೆಕ್ಕ ಹಾಕೋಣ. ಚಾಲಕ ಸೇರಿ 1,200 ಕಿಲೋ ಇರುವ ಕಾರು 150 ಕಿಲೋಮೀಟರ್ ವೇಗದಿಂದ 70ಕ್ಕೆ ಇಳಿಯಬೇಕು. ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 8 ಲಕ್ಷ ಜೂಲ್. ಎರಡೂವರೆ ಲೀಟರ್ ತಣ್ಣೀರನ್ನು ಕುದಿ ಬರಿಸಲು ಬೇಕಾಗುವಷ್ಟು ಬಿಸಿ ಅದು. ಮೂರ್ನಾಲ್ಕು ಸೆಕೆಂಡಿನಲ್ಲಿ ಅಷ್ಟೂ ಬರುತ್ತದೆ. ಅದರಲ್ಲಿ ಮುಕ್ಕಾಲು ಭಾಗದಷ್ಟು ಮುಂದಿನ ಚಕ್ರಗಳ ಪಾಲು. ಮುಂದಿನ ಎರಡು ಡಿಸ್ಕ್ ಸೇರಿ 10 ಕಿಲೋ ಕಬ್ಬಿಣ ಅಂದುಕೊಂಡರೆ, ಒಂದೇ ಸಲ ಬ್ರೇಕ್ ಒತ್ತಿದ್ದಕ್ಕೆ ಅವು 120 ಡಿಗ್ರಿಗೂ ಜಾಸ್ತಿ ಕಾಯುತ್ತವೆ. ತಣಿಯುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಈ ಬಿಸಿ ಡಿಸ್ಕ್‌ನಿಂದ ಪ್ಯಾಡ್‌ಗೆ, ಪ್ಯಾಡ್‌ನಿಂದ ಅದನ್ನು ತಳ್ಳುವ ಪಿಸ್ಟನ್‌ಗೆ, ಪಿಸ್ಟನ್‌ನಿಂದ ಅದರ ಬೆನ್ನಿಗಿರುವ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕಡಿಮೆ ಅಂದರೂ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ. ಆದರೆ ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಒದ್ದೆಯಾಗುತ್ತದಲ್ಲ, ಹಾಗೆ. ನೀರಿನ ಅಂಶ 3.7 ಶೇಕಡಾ ಮುಟ್ಟಿದಾಗ ಇರಬೇಕಾದ ಕುದಿಬಿಂದು 155 ಡಿಗ್ರಿ ಮಾತ್ರ. ಕುದಿದರೆ ಆವಿ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಸುಲಭವಾಗಿ ಕುಗ್ಗಿಸಬಹುದು. ಆಗ ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಹೋಗುತ್ತದೆ. ಪಂಪ್ ಮಾಡಿದಾಗ ಇನ್ನಷ್ಟು ಆಯಿಲ್ ಒಳಗೆ ಹೋಗಿ ಪೆಡಲ್ ಸ್ವಲ್ಪ ಮೇಲೆ ಬರುತ್ತದೆ.

ಹಳೇ ಪ್ಯಾಡ್ ಇದ್ದಾಗ ಬಿಸಿ ಏರಿದ ಹಾಗೆ ಹಿಡಿತ ಕಡಿಮೆಯಾಗುತ್ತಿತ್ತು, ನಾನೇ ವೇಗ ಇಳಿಸುತ್ತಿದ್ದೆ. ಹೊಸ ಪ್ಯಾಡ್ ಎಷ್ಟು ಕಾದರೂ ಕಚ್ಚುತ್ತಲೇ ಇತ್ತು. ನಾನು ಇನ್ನೂ ತಡವಾಗಿ, ಇನ್ನೂ ಜೋರಾಗಿ ಬ್ರೇಕ್ ಒತ್ತಿದೆ. ಟ್ರ್ಯಾಕ್ ಪ್ಯಾಡ್‌ನಲ್ಲಿ ಲೋಹದ ಅಂಶ ಜಾಸ್ತಿ ಇದ್ದರೆ ಬಿಸಿ ಹಿಂದಕ್ಕೆ ದಾಟುವುದೂ ಬೇಗ. ಆಯಿಲ್ ಮಾತ್ರ ಹಳೆಯದೇ. ಅದಕ್ಕೇ ಮೂರನೇ ಲ್ಯಾಪಿಗೆ ಕುದಿಯಿತು.

ಮೆತ್ತಗಿನ ಪೆಡಲ್‌ಗೆ ಆವಿ ಕಾರಣವೋ, ಒಳಗೆ ಮೊದಲಿಂದ ಸೇರಿದ ಏರ್ ಕಾರಣವೋ ಅಂತ ತಿಳಿಯುವುದು ಸುಲಭ. ಬೆಳಿಗ್ಗೆ ಕಾರು ತಣ್ಣಗಿದ್ದಾಗ ಪೆಡಲ್ ಗಟ್ಟಿ ಇದ್ದು, ಬಿಸಿಯಾದ ಮೇಲೆ ಮೆತ್ತಗಾದರೆ ಆಯಿಲ್ ಕುದಿದಿದೆ. ತಣ್ಣಗಿದ್ದಾಗಲೇ ಸ್ಪಂಜಿನ ಹಾಗಿದ್ದರೆ ಏರ್ ಹಿಡಿದಿದೆ, ಇಲ್ಲವೇ ಆಯಿಲ್ ಹರಿಯುವ ರಬ್ಬರ್ ಹೋಸ್ ಊದುತ್ತಿದೆ. ಹತ್ತು ವರ್ಷ ದಾಟಿದ ಕಾರಿನಲ್ಲಿ ಹೋಸ್ ಮೇಲೆ ಅನುಮಾನ ಇಟ್ಟುಕೊಳ್ಳಲೇಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಹೋಸ್ ಮೇಲೆ ಕೈಯಿಟ್ಟು ನೋಡಿ, ಬಿರುಕು ಇದೆಯಾ ಅಂತ ಬಗ್ಗಿಸಿ ನೋಡಿ.

ಒಮ್ಮೆ ಕುದಿದ ಆಯಿಲ್ ತಣ್ಣಗಾದ ಮೇಲೆ ಪೆಡಲ್ ಸರಿಹೋದ ಹಾಗೆ ಕಾಣುತ್ತದೆ. ನಂಬಬೇಡಿ. ಅದೇ ಆಯಿಲ್‌ನಲ್ಲಿ ಮತ್ತೆ ಟ್ರ್ಯಾಕ್‌ಗೆ ಇಳಿಯಬೇಡಿ, ಬೆಂಗಳೂರಿಗೆ ವಾಪಸ್ ಹೊರಡುವ ಮುಂಚೆಯಾದರೂ ನಾಲ್ಕೂ ಚಕ್ರದ ಬ್ರೇಕಿನೊಳಗಿನ ಏರ್ ತೆಗೆಸಿ (ಇದಕ್ಕೇ ಬ್ಲೀಡ್ ಮಾಡುವುದು ಅನ್ನುವುದು).

ಆಯಿಲ್ ಬದಲಿಸುವಾಗ

ನನ್ನ ಕಾರಿನ ಆಯಿಲ್ ತೆಗೆದಾಗ ಬಾಟಲಿಯಲ್ಲಿ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ದ್ರವ. ಹೊಸದು ತಿಳಿ ಜೇನಿನ ಬಣ್ಣ ಇರಬೇಕು. ಬಲ ಮುಂದಿನ ಚಕ್ರದಿಂದ ಬಂದದ್ದು ಎಲ್ಲಕ್ಕಿಂತ ಕಪ್ಪು. ಈ ಮಾತು ಆಗ ನಾನು ಗಮನಕ್ಕೆ ತಂದುಕೊಳ್ಳಲಿಲ್ಲ. ಆಮೇಲೆ ಅದೇ ಮುಖ್ಯ ಸುಳಿವಾಯಿತು.

ಟ್ರ್ಯಾಕ್‌ಗೆ ಡಾಟ್ 4 ವರ್ಗದಲ್ಲೇ ಹೆಚ್ಚು ಕುದಿಬಿಂದು ಇರುವ ಆಯಿಲ್ ಸಿಗುತ್ತದೆ. ಉದಾಹರಣೆಗೆ ಮೋಟುಲ್ ಆರ್‌ಬಿಎಫ್ 600, ಹೊಸದಾಗಿದ್ದಾಗ 312 ಡಿಗ್ರಿ. ಬೆಲೆ ಜಾಸ್ತಿ, ಆದರೆ ಒಂದು ಜೊತೆ ಡಿಸ್ಕ್‌ಗಿಂತ ಎಷ್ಟೋ ಕಡಿಮೆ. ಬರೀ ಡಾಟ್ 5 ಅಂತ ಬರೆದಿರುವ ಸಿಲಿಕೋನ್ ಆಯಿಲ್ ಮುಟ್ಟಬೇಡಿ, ಅದು ಇದರ ಜೊತೆ ಬೆರೆಯುವುದಿಲ್ಲ. ಸೀಲ್ ಒಡೆದು ಅರ್ಧ ಉಳಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಅಂತ ಎತ್ತಿಡುವುದೂ ಬೇಡ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ಹಳೇ ಕಾರಿಗೆ ಒಂದು ಎಚ್ಚರಿಕೆ. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ತಾಗುವ ತನಕ ತುಳಿಯಬೇಡಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ವರ್ಷಗಟ್ಟಲೆ ಒಂದಷ್ಟು ದೂರ ಮಾತ್ರ ಓಡಾಡಿರುತ್ತದೆ. ಅದರಾಚೆ ತುಕ್ಕು, ಕೊಳೆ ಕೂತಿರುತ್ತದೆ. ಪೂರ್ತಿ ತುಳಿದಾಗ ಸೀಲ್ ಅದರ ಮೇಲೆ ಉಜ್ಜಿ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು. ಮಾಸ್ಟರ್ ಸಿಲಿಂಡರ್ ಆಗಲೇ ಕೆಟ್ಟಿದೆಯಾ ಅಂತ ನೋಡಲು, ಕಾರು ನಿಂತಿರುವಾಗ ಪೆಡಲನ್ನು ಒಂದೇ ಸಮ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಜಾರುತ್ತಾ ಹೋದರೆ ಹೊರಗೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗಿನ ಸೀಲ್ ಬಿಟ್ಟಿದೆ. ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಸೀಲೇ.

ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮಾಡ್ಯೂಲ್ ಒಳಗೆ ಏರ್ ಹೋಗಿದ್ದರೆ ಸುಮ್ನೆ ಪೆಡಲ್ ತುಳಿದು ತೆಗೆಯಲು ಆಗದೇ ಇರಬಹುದು. ಸ್ಕ್ಯಾನರ್ ಹಾಕಿ ಅದರ ಪಂಪನ್ನು ಓಡಿಸಬೇಕಾಗುತ್ತದೆ. ಬ್ಲೀಡ್ ಮಾಡುವಾಗ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಡದಿದ್ದರೆ ಈ ತಲೆನೋವೇ ಇಲ್ಲ.

ಪೆಡಲ್ ಉದ್ದ, ಆದರೆ ಕೊನೆಗೆ ಗಟ್ಟಿ

ಆಯಿಲ್ ಬದಲಿಸಿದ ಮೇಲೆ ಪೆಡಲ್ ಸುಧಾರಿಸಿತು. ಆದರೂ ಹಿಡಿಯುವ ಮುಂಚೆ ಉದ್ದಕ್ಕೆ ಹೋಗುತ್ತಿತ್ತು, ತಣ್ಣಗಿದ್ದಾಗಲೂ. ಸ್ಪಂಜಿನ ಹಾಗಲ್ಲ, ಕೊನೆಗೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಏರ್ ಉಳಿದಿದೆ ಅಂದುಕೊಂಡು ಮತ್ತೊಮ್ಮೆ ಬ್ಲೀಡ್ ಮಾಡಿಸಿದೆ. ಒಂದು ಗುಳ್ಳೆಯೂ ಬರಲಿಲ್ಲ.

ಇದಕ್ಕೆ ಅಣ್ಣ ತೋರಿಸಿದ ಪರೀಕ್ಷೆ ನನಗೆ ಬಹಳ ಇಷ್ಟವಾಯಿತು. ಹ್ಯಾಂಡ್ ಬ್ರೇಕನ್ನು ಎರಡು ಮೂರು ಕ್ಲಿಕ್ ಎಳೆದು ಪೆಡಲ್ ಒತ್ತಿ ನೋಡಬೇಕು. ಪೆಡಲ್ ಮೇಲೆ ಬಂದರೆ ಹಿಂದಿನ ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂಗಳು ಸಡಿಲ ಕೂತಿವೆ ಅಂತ ಅರ್ಥ. ಮುಂದೆ ಒತ್ತಡ ಏರುವ ಮೊದಲು ಹಿಂದಿನ ಶೂಗಳು ಆ ದೂರ ಕ್ರಮಿಸಬೇಕು, ಪೆಡಲ್ ಅಷ್ಟು ಕೆಳಗೆ ಹೋಗುತ್ತದೆ. ನನ್ನ ಕಾರಿನಲ್ಲಿ ಎರಡು ಕ್ಲಿಕ್‌ಗೆ ಪೆಡಲ್ ಒಂದು ಬೆರಳಿನಷ್ಟು ಮೇಲೆ ಬಂತು. ಡ್ರಮ್ ಬಿಚ್ಚಿದಾಗ ತಾನಾಗಿ ಸರಿಹೊಂದಬೇಕಾದ ಅಡ್ಜಸ್ಟರ್ ಧೂಳು ತುಂಬಿ ಜಾಮ್ ಆಗಿತ್ತು. ಸ್ವಚ್ಛ ಮಾಡಿ ಹಾಕಿದ್ದಕ್ಕೆ ಆ ಭಾಗ ಮುಗಿಯಿತು.

ಒಂದು ಸಲ ಉದ್ದ, ತಕ್ಷಣ ಎರಡನೇ ಸಲ ಒತ್ತಿದರೆ ಸರಿಯಾದ ಎತ್ತರ, ಅದೂ ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿ ಇಳಿದ ಮೇಲೆ ಅಥವಾ ವೇಗದ ತಿರುವಿನ ನಂತರ ಮಾತ್ರ ಅಂದರೆ ಕಥೆ ಬೇರೆ. ಚಕ್ರ ಅಲ್ಲಾಡಿ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತಿದೆ. ಜಾಕ್ ಹಾಕಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ವೀಲ್ ಬೇರಿಂಗ್ ನೋಡಿ. ಜಾಸ್ತಿ ಗ್ರಿಪ್ಪಿನ ಟೈರ್ ಬೇರಿಂಗನ್ನೂ ಬೇಗ ತಿನ್ನುತ್ತದೆ.

ಬಲಗಡೆ ಮಾತ್ರ ಏಕೆ ಕಾಯುತ್ತಿದೆ

ಮೂರನೇ ಟ್ರ್ಯಾಕ್ ದಿನ. ಹೊಸ ಆಯಿಲ್, ಪಳಗಿಸಿದ ಪ್ಯಾಡ್, ಸರಿಯಾದ ಡ್ರಮ್. ಎಂಟು ಲ್ಯಾಪ್ ಪೆಡಲ್ ಚೆನ್ನಾಗಿತ್ತು. ಒಂಬತ್ತನೆಯದಕ್ಕೆ ಮತ್ತೆ ಮೆತ್ತಗಾಗಲು ಶುರು. ಈ ಸಲ ಪಿಟ್‌ನಲ್ಲಿ ಇನ್ಫ್ರಾರೆಡ್ ಥರ್ಮಾಮೀಟರ್ ಇತ್ತು. ಪ್ಯಾಡ್, ಪಿಸ್ಟನ್ ಕೂತಿರುವ ಕ್ಯಾಲಿಪರ್ ಮೇಲೆ ಎಡಗಡೆ 140 ಡಿಗ್ರಿ, ಬಲಗಡೆ 220.

ಈ ಉಪಕರಣ ಬಳಸುವವರಿಗೆ ಒಂದು ಮಾತು. ಹೊಳೆಯುವ ಡಿಸ್ಕ್ ಮೇಲೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ. ಮಂಕಾದ, ಕಪ್ಪಾದ ಜಾಗದ ಮೇಲೆ ಹಿಡಿಯಿರಿ, ಎರಡೂ ಕಡೆ ಒಂದೇ ಜಾಗಕ್ಕೆ ಹಿಡಿಯಿರಿ. ಸಂಖ್ಯೆಗಿಂತ ಎಡಬಲದ ವ್ಯತ್ಯಾಸ ಮುಖ್ಯ. ಡಿಸ್ಕ್ ನಿಜಕ್ಕೂ ಎಷ್ಟು ಕಾಯುತ್ತಿದೆ ಅಂತ ತಿಳಿಯಲು ಅದರ ಅಂಚಿಗೆ ಹಚ್ಚುವ ಥರ್ಮಲ್ ಪೇಂಟ್ ಇದೆ. ಹಸಿರು 430, ಕಿತ್ತಳೆ 560, ಕೆಂಪು 610 ಡಿಗ್ರಿಗೆ ಬಣ್ಣ ಬಿಡುತ್ತದೆ.

ಬಲಗಡೆ ಮಾತ್ರ ಕಾಯಲು ಎರಡು ಅನುಮಾನ ಬಂತು. ಒಂದು, ಇಎಸ್‌ಪಿ, ಅಂದರೆ ಕಾರು ಜಾರದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಬಲ ತಿರುವಿನಿಂದ ಹೊರಬರುವಾಗ ಆಕ್ಸಲರೇಟರ್ ಒತ್ತಿದರೆ ಒಳಗಿನ ಮುಂಚಕ್ರ ಸುಮ್ಮನೆ ಸುತ್ತುತ್ತದೆ, ಅದನ್ನು ತಡೆಯಲು ವ್ಯವಸ್ಥೆ ತಾನೇ ಆ ಚಕ್ರದ ಬ್ರೇಕ್ ಹಿಡಿಯುತ್ತದೆ. ನೀವು ಪೆಡಲ್ ಮುಟ್ಟದಿದ್ದರೂ ಬ್ರೇಕ್ ಕಾಯುತ್ತಿರುತ್ತದೆ. ಎರಡು, ಕ್ಯಾಲಿಪರ್ ಜಾಮ್ ಆಗಿ ಪ್ಯಾಡ್ ಬಿಡದೇ ಉಜ್ಜುತ್ತಿರುವುದು.

ಎರಡನ್ನೂ ಬೇರೆ ಮಾಡಿದ್ದು ಹೆದ್ದಾರಿ. ವಾಪಸ್ ಬರುವಾಗ ಹತ್ತು ಕಿಲೋಮೀಟರ್ ನೇರವಾಗಿ, ಬ್ರೇಕ್ ಆದಷ್ಟು ಮುಟ್ಟದೇ ಓಡಿಸಿ ಪಕ್ಕಕ್ಕೆ ನಿಲ್ಲಿಸಿದೆ. ಅಲ್ಲಿ ಇಎಸ್‌ಪಿಗೆ ಕೆಲಸವೇ ಇಲ್ಲ. ಆದರೂ ಬಲಗಡೆ 40 ಡಿಗ್ರಿ ಜಾಸ್ತಿ. ಅಲ್ಲಿಗೆ ತೀರ್ಮಾನವಾಯಿತು.

ಗ್ಯಾರೇಜಿನಲ್ಲಿ ಚಕ್ರ ಎತ್ತಿ, ಒಮ್ಮೆ ಬ್ರೇಕ್ ಒತ್ತಿ ಬಿಟ್ಟು ಕೈಯಲ್ಲಿ ತಿರುಗಿಸಿದೆವು. ಎಡಚಕ್ರ ಸಲೀಸಾಗಿ ತಿರುಗಿತು. ಬಲಚಕ್ರ ಕರ್ ಅಂತ ಅರ್ಧ ಸುತ್ತಿಗೆ ನಿಂತಿತು. ಪ್ಯಾಡ್ ಹೊರಗೆ ತೆಗೆದಾಗ ಒಳಗಿನದು 5 ಮಿಲಿಮೀಟರ್ ಉಳಿದಿತ್ತು, ಹೊರಗಿನದು 9. ಕ್ಯಾಲಿಪರ್ ಜಾರಬೇಕಾದ ಗೈಡ್ ಪಿನ್ ಕೈಯಲ್ಲಿ ಎಳೆದರೆ ಬರಲಿಲ್ಲ. ಅಣ್ಣ ಅದನ್ನು ತಿರುಚಿ ತಿರುಚಿ ಎಳೆದರು. ಹೊರಬಂದ ಪಿನ್ ಒಣಗಿ, ಮಧ್ಯದಲ್ಲಿ ತುಕ್ಕಿನ ಉಂಗುರ ಕಟ್ಟಿತ್ತು. ಧೂಳು ಕವರ್ ಒಂದು ಕಡೆ ಹರಿದಿತ್ತು. ಮಳೆನೀರು ಹೋಗಿದ್ದು ಅಲ್ಲಿಂದಲೇ. ಬೆಲೆಯಲ್ಲಿ ನೋಡಿದರೆ ಇಡೀ ಬ್ರೇಕಿನಲ್ಲಿ ಅತಿ ಅಗ್ಗದ ಸಾಮಾನು ಅದು.

ಪಿನ್, ರಬ್ಬರ್ ಸ್ಲೀವ್, ಕವರ್ ಮೂರನ್ನೂ ಹೊಸದು ಹಾಕಿದೆವು, ಎರಡೂ ಕಡೆ. ನಿಮ್ಮ ಕ್ಯಾಲಿಪರ್‌ಗೆ ಗ್ರೀಸ್ ಬೇಕೋ ಬೇಡವೋ ಅಂತ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಬೇಕೆಂದಿದ್ದರೆ ಬ್ರೇಕ್ ರಬ್ಬರ್‌ಗೆ ಅಂತಲೇ ಬರುವ ಗ್ರೀಸ್ ಹಚ್ಚಿ. ಬೇರಿಂಗ್‌ಗೆ ಹಾಕುವ ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ.

ಪಿನ್ ಸಲೀಸಾಗಿ ಜಾರುತ್ತಿದ್ದರೂ ಚಕ್ರ ಬಿಗಿ ಇದ್ದರೆ ಏರ್ ತೆಗೆಯಲು ಇರುವ ಬ್ಲೀಡ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಹೋಸ್ ಒಳಗೆ ಕಟ್ಟಿಕೊಂಡು ಒತ್ತಡ ವಾಪಸ್ ಬಿಡುತ್ತಿಲ್ಲ. ಬಿಡದಿದ್ದರೆ ಪಿಸ್ಟನ್ ಜಾಮ್ ಆಗಿದೆ.

ಟ್ರ್ಯಾಕ್ ಮೇಲೆಯೇ ಆದರೆ

ಪೆಡಲ್ ಹೋದ ಕ್ಷಣ ಬೇಗ ಬೇಗ ಪಂಪ್ ಮಾಡಿ, ಗೇರ್ ಇಳಿಸಿ, ಸ್ಟೀರಿಂಗ್ ನೇರ ಇಡಿ. ತಿರುವಿಗೆ ಬೇಕಾದಷ್ಟು ವೇಗ ಇಳಿಯಲಿಲ್ಲ ಅನಿಸಿದರೆ ಬಲವಂತವಾಗಿ ತಿರುಗಿಸಲು ಹೋಗಬೇಡಿ, ಹೊರಗಿನ ಜಾಗಕ್ಕೆ ನೇರ ಹೋಗಲಿ. "ಇನ್ನೊಂದು ಲ್ಯಾಪ್ ನೋಡೋಣ" ಅನ್ನುವ ಆಸೆ ಬರುತ್ತದೆ, ನನಗೂ ಬಂದಿತ್ತು. ದಯವಿಟ್ಟು ಬೇಡ. ಆ ಟ್ರ್ಯಾಕ್ ಮೇಲೆ ನಿಮ್ಮ ಜೊತೆ ಇನ್ನೂ ಹತ್ತು ಜನ ಇರುತ್ತಾರೆ.

ಪ್ರತಿ ಸೆಷನ್‌ನ ಕೊನೆಯ ಲ್ಯಾಪನ್ನು ಬ್ರೇಕ್ ಆದಷ್ಟು ಮುಟ್ಟದೇ ನಿಧಾನಕ್ಕೆ ಮುಗಿಸಿ, ಗಾಳಿಗೆ ತಣಿಯಲಿ. ಪಿಟ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಪೆಡಲ್ ಮೇಲೂ ಕಾಲಿಟ್ಟುಕೊಂಡು ಕೂರಬೇಡಿ. ಗೇರಿನಲ್ಲಿಟ್ಟು (ಡಿಎಸ್‌ಜಿ ಆದರೆ P ಯಲ್ಲಿಟ್ಟು) ಗಾಲಿಗೆ ಕಲ್ಲು ಕೊಡಿ. ಕಾದ ಡಿಸ್ಕ್ ಮೇಲೆ ಪ್ಯಾಡ್ ಒತ್ತಿಕೊಂಡೇ ನಿಂತರೆ ಅದರ ಪದರ ಅಲ್ಲಿ ಅಂಟುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಬೆಂಡ್ ಆಯಿತು ಅಂತ ಜನ ಹೊಸದು ಕೊಳ್ಳುತ್ತಾರೆ. ಎಷ್ಟೋ ಸಲ ಡಿಸ್ಕ್ ಬೆಂಡ್ ಆಗಿರುವುದೇ ಇಲ್ಲ.

ಪಿನ್ ಬದಲಿಸಿದ ಮೇಲೆ ಹೋದ ದಿನ ಹದಿನೈದು ನಿಮಿಷದ ನಾಲ್ಕು ಸೆಷನ್ ಓಡಿಸಿದೆ. ಕೊನೆಯ ಸೆಷನ್ ಮುಗಿದಾಗ ಕ್ಯಾಲಿಪರ್ ಎಡಗಡೆ 150, ಬಲಗಡೆ 160. ಪೆಡಲ್ ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇತ್ತು. ಆ ಹತ್ತು ಡಿಗ್ರಿ ಇಎಸ್‌ಪಿಯದ್ದು ಇರಬೇಕು. ಮುಂದಿನ ಕೆಲಸ ಬಂಪರ್‌ನ ಫಾಗ್ ಲ್ಯಾಂಪ್ ಜಾಗದಿಂದ ಡಿಸ್ಕ್‌ನ ನಡುವಿಗೆ ಗಾಳಿ ತರುವ ಪೈಪು ಹಾಕುವುದು. ಅಳತೆ ತೆಗೆದುಕೊಂಡಾಗಿದೆ.